ತಿರುವು ಮರೆತ ಚಕ್ರಗಳು

ಕಾರಿಗೆ ಮಾಡಿಸುವ ಮಾರ್ಪಾಡುಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದು ಸಿಗಲಿಕ್ಕಿಲ್ಲ. ಹಿಂದಿನ ಆಕ್ಸಲ್ಲಿನ ಹೌಸಿಂಗ್ ಬಿಚ್ಚಿ ಡಿಫರೆನ್ಶಿಯಲ್ ಹೊರಗೆ ತೆಗೆಯಬೇಕು, ಅದರೊಳಗಿನ ಸ್ಟಾರ್ ಪಿನಿಯನ್ ಮತ್ತು ಸನ್ ಗೇರುಗಳ ಹಲ್ಲುಗಳ ಸಂದಿಯಲ್ಲಿ ವೆಲ್ಡಿಂಗ್ ರಾಡ್ ಕರಗಿಸಿ ತುಂಬಬೇಕು, ಮತ್ತೆ ಕೂರಿಸಿ ಎಣ್ಣೆ ಹಾಕಿ ಮುಚ್ಚಬೇಕು. ಮನೆಯ ಹಿಂದಿನ ಶೆಡ್ಡಿನಲ್ಲಿ, ಬಾಡಿಗೆಗೆ ತಂದ ವೆಲ್ಡಿಂಗ್ ಮಷಿನ್ನಿನಲ್ಲಿ, ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ. ಅದುವರೆಗೆ ತಮ್ಮ ತಮ್ಮ ವೇಗದಲ್ಲಿ ಉರುಳುತ್ತಿದ್ದ ಎರಡು ಚಕ್ರಗಳು ಅಂದಿನಿಂದ ಸದಾ ಒಂದೇ ವೇಗದಲ್ಲಿ ತಿರುಗುತ್ತವೆ. ಕಾರನ್ನು ಅಡ್ಡಡ್ಡ ಜಾರಿಸುತ್ತ ತಿರುವು ದಾಟುವ ಡ್ರಿಫ್ಟಿಂಗ್ ಆಟದ ಜಪಾನಿನ ಹುಡುಗರು ಹೀಗೆ ಮಾಡಿದರು. ಅಮೆರಿಕದ ಜೀಪ್ ಪ್ರಿಯರು ಮಾಡಿದರು. ಐರ್ಲೆಂಡಿನಲ್ಲಿ ಹಳೆಯ ಬಿಎಂಡಬ್ಲ್ಯು ಕೊಂಡು ಡ್ರಿಫ್ಟ್ ಕಲಿಯುವವರು ಇವತ್ತಿಗೂ ಮಾಡುತ್ತಿದ್ದಾರೆ. ಜೀಪು, ಜಿಪ್ಸಿ ಇಟ್ಟುಕೊಂಡಿರುವ ನಮ್ಮ ಯುವಕರೂ ಮೆಕ್ಯಾನಿಕ್ಕುಗಳನ್ನು ಆಗಾಗ ಕೇಳುವುದುಂಟು: ‘ವೆಲ್ಡ್ ಹೊಡೆಸಿಬಿಟ್ಟರೆ ಆಗಲ್ವಾ ಅಣ್ಣಾ?’

ಆಗುತ್ತದೆ. ಮುಚ್ಚಿದ ಟ್ರ್ಯಾಕಿನಲ್ಲಿ, ಹೆಲ್ಮೆಟ್ ತೊಟ್ಟು, ಕೆಲವೇ ಸುತ್ತಿಗೊಮ್ಮೆ ಟೈರ್ ಬದಲಿಸುವ ಆಟದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದೇ ಗಾಡಿ ಮಳೆಗಾಲದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವುದಾದರೆ ಆಗಬಾರದು. ಯಾಕೆ ಆಗಬಾರದು ಎಂದು ತಿಳಿಯಲು ಡಿಫರೆನ್ಶಿಯಲ್ ನಮಗಾಗಿ ದಿನಾ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಅದು ಕೆಟ್ಟಾಗಲಷ್ಟೇ ನೆನಪಿಗೆ ಬರುವ ಭಾಗ. ಹಾಗಾಗಿ ಅದರ ಉಪಕಾರ ಎಷ್ಟೆಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಕಾರು ತಿರುಗುವಾಗ ಹೊರಗಿನ ಚಕ್ರ ದೊಡ್ಡ ವೃತ್ತದಲ್ಲಿಯೂ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿಯೂ ಉರುಳುತ್ತದೆ. ಎರಡರ ನಡುವಿನ ಅಂತರ 1.4 ಮೀಟರ್ ಎಂದುಕೊಳ್ಳಿ. ಒಂದು ಯು-ಟರ್ನ್ ಮುಗಿಯುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4.4 ಮೀಟರ್ ಹೆಚ್ಚು ಓಡಿರುತ್ತದೆ. ಸೋಜಿಗವೆಂದರೆ ತಿರುವು ಇಕ್ಕಟ್ಟಾಗಿರಲಿ, ವಿಶಾಲವಾಗಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಚಕ್ರಗಳ ನಡುವಿನ ಅಂತರ ಎಷ್ಟು, ಗಾಡಿ ಎಷ್ಟು ಡಿಗ್ರಿ ತಿರುಗಿತು ಎಂಬ ಎರಡೇ ಸಂಗತಿಗಳ ಮೇಲೆ ಅದು ನಿಂತಿದೆ. 60 ಸೆಂಟಿಮೀಟರ್ ವ್ಯಾಸದ ಚಕ್ರಕ್ಕೆ 4.4 ಮೀಟರ್ ಎಂದರೆ ಎರಡೂಕಾಲು ಸುತ್ತಿಗಿಂತ ತುಸು ಹೆಚ್ಚು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಪ್ರತಿಯೊಂದನ್ನೂ ಅರ್ಧವೃತ್ತವೆಂದೇ ಹಿಡಿದರೆ ಒಟ್ಟು ವ್ಯತ್ಯಾಸ 60 ಮೀಟರ್ ದಾಟುತ್ತದೆ. ಎರಡೂ ಚಕ್ರ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು ಎಂದು ಕಟ್ಟಿಹಾಕಿದರೆ ಅಷ್ಟೂ ದೂರವನ್ನು ಯಾವುದಾದರೊಂದು ಟೈರು ಉಜ್ಜಿಕೊಂಡೇ ಕಳೆಯಬೇಕು.

ಎತ್ತಿನ ಗಾಡಿಗೆ ಈ ತಾಪತ್ರಯವಿಲ್ಲ. ಅದರ ಅಚ್ಚು ತಿರುಗುವುದಿಲ್ಲ. ಅಚ್ಚಿನ ಎರಡು ತುದಿಗಳಲ್ಲಿ ಚಕ್ರಗಳು ಕಡಾಣಿಯ ಆಸರೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದೆ ಉರುಳುತ್ತವೆ, ಎಳೆಯುವ ಕೆಲಸ ಎತ್ತುಗಳದು. ರೈಲಿನದು ಬೇರೆಯೇ ದಾರಿ. ಅಲ್ಲಿ ಎರಡೂ ಚಕ್ರಗಳು ಆಕ್ಸಲ್ಲಿಗೆ ಭದ್ರವಾಗಿ ಅಂಟಿಕೊಂಡೇ ಇರುತ್ತವೆ. ಆದರೆ ಚಕ್ರದ ಅಂಚನ್ನು ಸಾಮಾನ್ಯವಾಗಿ 20ಕ್ಕೆ 1ರಂತೆ ಇಳಿಜಾರಾಗಿ ಕಡೆದಿರುತ್ತಾರೆ. ತಿರುವಿನಲ್ಲಿ ಚಕ್ರದ ಜೋಡಿ ತುಸು ಹೊರಕ್ಕೆ ಸರಿಯುತ್ತದೆ. ಆಗ ಹೊರಗಿನ ಚಕ್ರ ತನ್ನ ದಪ್ಪ ಭಾಗದ ಮೇಲೂ ಒಳಗಿನದು ಸಣ್ಣ ಭಾಗದ ಮೇಲೂ ಉರುಳಿ ಲೆಕ್ಕ ಸರಿಹೋಗುತ್ತದೆ. ಗೋ-ಕಾರ್ಟಿನ ಹಿಂದಿನ ಆಕ್ಸಲ್ಲೂ ಒಂದೇ ಸರಳು. ಸ್ಟೀರಿಂಗ್ ತಿರುಗಿಸಿದಾಗ ಒಳಬದಿಯ ಹಿಂಚಕ್ರ ನೆಲದಿಂದ ಕೊಂಚ ಮೇಲೇಳುವಂತೆ ಅದನ್ನು ಕಟ್ಟಿರುವುದರಿಂದಲೇ ಅದು ತಿರುಗುತ್ತದೆ. ತಿರುವನ್ನು ಮರೆತು ಯಾರೂ ವಾಹನ ಕಟ್ಟಿಲ್ಲ.

ಇಂಜಿನ್ನೇ ಚಕ್ರವನ್ನು ತಿರುಗಿಸುವ ರಸ್ತೆ ವಾಹನ ಬಂದಾಗ ಹೊಸ ಉಪಾಯ ಬೇಕಾಯಿತು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕರ್ ತನ್ನ ಉಗಿಬಂಡಿಗಾಗಿ ಡಿಫರೆನ್ಶಿಯಲ್ಲಿಗೆ ಪೇಟೆಂಟ್ ಪಡೆದ. 1877ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ತನ್ನ ಮೂರು ಚಕ್ರದ ಸೈಕಲ್ಲಿಗೆ ಅದನ್ನು ಅಳವಡಿಸಿದ. ಬೈಸಿಕಲ್ ಉದ್ಯಮದಿಂದಲೇ ಅದು ಮೋಟಾರು ಕಾರಿಗೆ ಬಂತು. ಹಾಗೆಂದು ಎಲ್ಲರೂ ಅದನ್ನು ಒಪ್ಪಿಕೊಂಡರೆಂದಲ್ಲ. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನಲ್ಲಿ ತಯಾರಾದ ಫ್ರೇಜರ್ ನ್ಯಾಶ್ ಎಂಬ ಚೈನ್ ಚಾಲಿತ ಸ್ಪೋರ್ಟ್ಸ್ ಕಾರುಗಳಿಗೆ ಡಿಫರೆನ್ಶಿಯಲ್ಲೇ ಇರಲಿಲ್ಲ. ಆ ಕಾರುಗಳ ಹಿಂಚಕ್ರಗಳ ನಡುವಿನ ಅಂತರ ತೀರ ಕಿರಿದು, ಟೈರುಗಳು ಸಪೂರ, ರಸ್ತೆಗಳು ಜಲ್ಲಿಯವು. ಡಿಫರೆನ್ಶಿಯಲ್ ಇಲ್ಲದ ಆಕ್ಸಲ್ಲಿಗೆ ಹೊಂದುವಂತೆ ಇಡೀ ಕಾರನ್ನೇ ರೂಪಿಸಿದ್ದರು. ಇಂದಿನ ಅಗಲ ಟೈರಿನ, ಡಾಂಬರು ರಸ್ತೆಯ ಕಾರಿನ ಹೌಸಿಂಗಿನೊಳಗೆ ರಾಡ್ ಕರಗಿಸುವವರು ಆ ಕಾರನ್ನು ಉದಾಹರಣೆಯಾಗಿ ತೋರಿಸಲಾಗದು.

ಒಳಗಿನ ಕೆಲಸ ಹೀಗೆ ನಡೆಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ತುದಿಯ ಪಿನಿಯನ್ ಕ್ರೌನ್ ವೀಲನ್ನು ತಿರುಗಿಸುತ್ತದೆ. ಕ್ರೌನಿಗೆ ಬೋಲ್ಟ್ ಬಿಗಿದ ಕೇಜ್ ಅದರ ಜೊತೆಗೇ ಸುತ್ತುತ್ತದೆ. ಕೇಜಿನ ನಡುವೆ ಒಂದು ಅಡ್ಡ ಪಿನ್ನು, ಅದರ ಮೇಲೆ ಸ್ಟಾರ್ ಪಿನಿಯನ್ನುಗಳು. ಅವುಗಳ ಎರಡು ಬದಿಗೆ ಒಂದೊಂದು ಸನ್ ಗೇರು, ಆ ಸನ್ ಗೇರುಗಳಿಂದ ಎಡಕ್ಕೂ ಬಲಕ್ಕೂ ಹೊರಟ ಆಕ್ಸಲ್ ಶಾಫ್ಟುಗಳು. ನೇರ ರಸ್ತೆಯಲ್ಲಿ ಸ್ಟಾರ್ ಪಿನಿಯನ್ನುಗಳು ತಮ್ಮ ಪಿನ್ನಿನ ಮೇಲೆ ತಿರುಗುವುದೇ ಇಲ್ಲ. ಇಡೀ ಗುಂಪು ಒಂದಾಗಿ ಸುತ್ತುತ್ತದೆ. ತಿರುವು ಬಂದಾಗ ಮಾತ್ರ ಅವು ಮೆಲ್ಲನೆ ಹೊರಳಿ ಒಂದು ಬದಿಯಿಂದ ಕಳೆದಷ್ಟನ್ನು ಇನ್ನೊಂದು ಬದಿಗೆ ಕೂಡಿಸುತ್ತವೆ. ಕ್ರೌನ್ ನಿಮಿಷಕ್ಕೆ 300 ಸುತ್ತು ಹೋಗುತ್ತಿದ್ದರೆ ಒಳಚಕ್ರ 270 ಸುತ್ತು, ಹೊರಚಕ್ರ 330 ಸುತ್ತು ತಿರುಗಬಹುದು. ಸರಾಸರಿ ಮಾತ್ರ 300 ಆಗಿಯೇ ಇರುತ್ತದೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ರಸ್ತೆ ಕೇಳಿದಷ್ಟನ್ನು ಹಲ್ಲುಗಳೇ ಲೆಕ್ಕ ಹಾಕಿ ಕೊಡುತ್ತವೆ. ಮನುಷ್ಯ ಕಂಡುಹಿಡಿದ ಯಂತ್ರಗಳಲ್ಲಿ ಇಷ್ಟು ಕಡಿಮೆ ಭಾಗಗಳಿಂದ ಇಷ್ಟು ಸೊಗಸಾದ ಕೆಲಸ ಮಾಡುವಂಥವು ತೀರ ಅಪರೂಪ ಎಂಬುದು ನನ್ನ ಗಟ್ಟಿ ನಂಬಿಕೆ.

ದೋಷವೂ ಅಲ್ಲಿಯೇ ಇದೆ. ವೇಗವನ್ನು ಹೇಗೆ ಬೇಕಾದರೂ ಹಂಚಬಲ್ಲ ಡಿಫರೆನ್ಶಿಯಲ್ ತಿರುಚುಬಲವನ್ನು, ಅಂದರೆ ಟಾರ್ಕನ್ನು, ಎರಡೂ ಕಡೆಗೆ ಸಮನಾಗಿಯೇ ಹಂಚುತ್ತದೆ. ಒಂದು ಚಕ್ರ ಕೆಸರಿನಲ್ಲಿದೆ, ಇನ್ನೊಂದು ಗಟ್ಟಿ ನೆಲದ ಮೇಲಿದೆ ಎಂದುಕೊಳ್ಳಿ. ಕೆಸರಿನ ಚಕ್ರವನ್ನು ತಿರುಗಿಸಲು ಅಲ್ಪ ಬಲ ಸಾಕು. ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ, ಅದು ಗಾಡಿಯನ್ನು ಎಳೆಯಲು ಸಾಲದು. ‘ಪವರೆಲ್ಲ ಜಾರುವ ಚಕ್ರಕ್ಕೆ ಹೋಗುತ್ತದೆ’ ಎಂದು ಗ್ಯಾರೇಜುಗಳಲ್ಲಿ ಹೇಳುವ ಮಾತು ಟಾರ್ಕಿನ ಮಟ್ಟಿಗೆ ಸರಿಯಲ್ಲ. ಟಾರ್ಕ್ ಎರಡಕ್ಕೂ ಸಮನಾಗಿ ಸಿಗುತ್ತದೆ, ಆದರೆ ಗಾಡಿ ಎಳೆಯಲು ಸಾಲದಷ್ಟು ಸಿಗುತ್ತದೆ. ಕಾಫಿ ತೋಟದ ಮಳೆಗಾಲದ ದಾರಿಯಲ್ಲಿ ಜೀಪಿನ ಒಂದು ಚಕ್ರ ಗುಂಡಿಗಿಳಿದು ಕೆಸರೆರಚುತ್ತ ಸುತ್ತುವುದನ್ನೂ ಇನ್ನೊಂದು ಸುಮ್ಮನೆ ನಿಂತಿರುವುದನ್ನೂ ಕಂಡವರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ರೇಸಿನವರಿಗೆ ಇದು ಬೇರೆ ರೂಪದಲ್ಲಿ ಕಾಡಿತು. 1930ರ ದಶಕದಲ್ಲಿ ಫರ್ಡಿನೆಂಡ್ ಪೋರ್ಷೆ ವಿನ್ಯಾಸ ಮಾಡಿದ ಆಟೊ ಯೂನಿಯನ್ ಗ್ರ್ಯಾನ್ ಪ್ರಿ ಕಾರಿನ ಶಕ್ತಿ ಎಷ್ಟಿತ್ತೆಂದರೆ ಗಂಟೆಗೆ 160 ಕಿಲೋಮೀಟರ್ ವೇಗದವರೆಗೂ ಒಂದು ಹಿಂಚಕ್ರ ಸುಮ್ಮನೆ ಜಾರಿ ತಿರುಗುತ್ತಿತ್ತು. ಅದಕ್ಕಾಗಿ ಅವರು ಜರ್ಮನಿಯ ಝಡ್‌ಎಫ್ ಕಂಪನಿಯಿಂದ 1935ರಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಮಾಡಿಸಿದರು. ಚಕ್ರಗಳ ವೇಗದಲ್ಲಿ ವ್ಯತ್ಯಾಸಕ್ಕೆ ಅದು ಅವಕಾಶ ಕೊಡುತ್ತದೆ, ಮಿತಿಮೀರಲು ಬಿಡುವುದಿಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ಕುನಿಮಿತ್ಸು ತಾಕಾಹಾಶಿ ಟ್ರ್ಯಾಕಿನಲ್ಲಿ ಕಾರನ್ನು ಅಡ್ಡಡ್ಡ ಜಾರಿಸುತ್ತ ತಿರುವು ದಾಟುವ ಶೈಲಿಯನ್ನು ತೋರಿಸಿದರು. ಅವರಿಂದ ಪ್ರೇರಣೆ ಪಡೆದ ಕೆಯಿಚಿ ತ್ಸುಚಿಯಾ ಅದನ್ನು ಬೆಟ್ಟದ ರಸ್ತೆಗಳಿಗೆ ತಂದರು. 1983ರಿಂದ 1987ರವರೆಗೆ ತಯಾರಾದ ಟೊಯೋಟಾ ಎಇ86, 1988ರಲ್ಲಿ ಬಂದ ನಿಸಾನ್ ಸಿಲ್ವಿಯಾ ಎಸ್13 ಈ ಹುಚ್ಚಿಗೆ ಹೇಳಿ ಮಾಡಿಸಿದ ಕಾರುಗಳಾದವು: ಹಗುರ, ಹಿಂಚಕ್ರ ಚಾಲನೆ, ಕೈಗೆಟಕುವ ಬೆಲೆ. ಡ್ರಿಫ್ಟ್ ತಡೆಯಿಲ್ಲದೆ ಸಾಗಬೇಕಾದರೆ ಹಿಂದಿನ ಎರಡೂ ಚಕ್ರ ಒಟ್ಟಿಗೆ ಜಾರಬೇಕು, ಒಟ್ಟಿಗೆ ಹಿಡಿಯಬೇಕು. ಲಿಮಿಟೆಡ್ ಸ್ಲಿಪ್ ಕೊಳ್ಳಲು ಹಣವಿಲ್ಲದ ಹುಡುಗರು ವೆಲ್ಡಿಂಗ್ ಹಿಡಿದರು. ಅವರ ಉದ್ದೇಶಕ್ಕೆ ಅದು ಪೂರ್ತಿ ಒದಗಿತು. ಟೈರು ಜಾರುವುದೇ ಗುರಿಯಾಗಿರುವ ಆಟದಲ್ಲಿ ಟೈರು ಉಜ್ಜುವುದು ತೊಂದರೆಯೇ ಅಲ್ಲ.

ಇನ್ನು ಬೆಸುಗೆಯ ವಿಚಾರ. ಬಹಳ ಮಂದಿ ಗಮನ ಕೊಡದ, ಆದರೆ ಹಲವು ಅಪಾಯಗಳ ಬೇರಿರುವ ಜಾಗ ಇದು.

ಡಿಫರೆನ್ಶಿಯಲ್ ಗೇರುಗಳನ್ನು ಕಿಟಕಿ ಗ್ರಿಲ್ಲಿನ ಕಬ್ಬಿಣದಿಂದ ಮಾಡಿರುವುದಿಲ್ಲ. ಮ್ಯಾಂಗನೀಸ್, ಕ್ರೋಮಿಯಂ, ನಿಕ್ಕಲ್‌ನಂಥ ಲೋಹಗಳನ್ನು ಬೆರೆಸಿದ, ಇಂಗಾಲ ಕಡಿಮೆಯಿರುವ ಉಕ್ಕನ್ನು ಬಡಿದು ರೂಪಿಸಿ, 900 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಶಾಖದಲ್ಲಿ ಹೊರಮೈಗೆ ಇಂಗಾಲ ಕುಡಿಸಿ, ಆಮೇಲೆ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿರುತ್ತಾರೆ. ಹಲ್ಲಿನ ಹೊರಮೈಯ ಸುಮಾರು ಒಂದು ಮಿಲಿಮೀಟರ್ ದಪ್ಪದ ಪದರ ಗಾಜಿನಷ್ಟು ಗಡಸು. ಒಳತಿರುಳು ಮೆತುವಾಗಿದ್ದು ಹೊಡೆತ ತಡೆದುಕೊಳ್ಳುತ್ತದೆ. ಈ ಎರಡು ಗುಣಗಳ ಹೊಂದಾಣಿಕೆಯಿಂದಲೇ ಗೇರು ಲಕ್ಷಾಂತರ ಕಿಲೋಮೀಟರ್ ಬಾಳುತ್ತದೆ. ವೆಲ್ಡಿಂಗಿನ ಕಿಡಿ ಅಲ್ಲಿಗೆ ತಾಗಿದ ಕ್ಷಣ ಉಕ್ಕು ಕರಗುತ್ತದೆ. ಕಿಡಿ ಮುಂದೆ ಸರಿದೊಡನೆ ಸುತ್ತಲಿನ ತಣ್ಣನೆಯ ಲೋಹದ ರಾಶಿ ಆ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ, ಕಮ್ಮಾರ ಕೆಂಪಗೆ ಕಾದ ಕುಡುಗೋಲನ್ನು ಬಾನಿಯ ನೀರಿಗೆ ಅದ್ದಿದ ಹಾಗೆ. ಇಂಗಾಲ ಹೆಚ್ಚಿರುವ ಉಕ್ಕು ಹೀಗೆ ಥಟ್ಟನೆ ತಣಿದರೆ ಬೆಸುಗೆಯ ಪಕ್ಕದ ಪಟ್ಟಿ ಅತಿ ಪೆಡಸಾಗುತ್ತದೆ. ಕುಗ್ಗುವ ಬೆಸುಗೆ ಅದನ್ನು ಜಗ್ಗುತ್ತಲೇ ಇರುತ್ತದೆ. ಗೇರಿನ ಮೇಲೆ ಉಳಿದ ಎಣ್ಣೆ, ರಾಡಿನ ಲೇಪನದಲ್ಲಿನ ತೇವ ಕಿಡಿಯ ಶಾಖಕ್ಕೆ ಒಡೆದು ಹೈಡ್ರೋಜನ್ ಬಿಡುಗಡೆಯಾಗಿ ಲೋಹದೊಳಗೆ ಸೇರುತ್ತದೆ. ಬಿರುಕು ಕೆಲಸ ಮುಗಿದಾಗಲೇ ಕಾಣಬೇಕೆಂದಿಲ್ಲ. ಗಂಟೆಗಳು ಕಳೆದ ಮೇಲೆ, ಒಮ್ಮೊಮ್ಮೆ ದಿನ ಕಳೆದ ಮೇಲೆ, ಒಳಗೊಳಗೇ ಬಾಯಿಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಬೆಸುಗೆ ದಪ್ಪಗೆ, ಭದ್ರವಾಗಿಯೇ ಕಾಣುತ್ತದೆ.

ಇದನ್ನು ತಡೆಯುವ ಕ್ರಮ ಲೋಹಶಾಸ್ತ್ರಕ್ಕೆ ಗೊತ್ತಿದೆ. ಭಾಗವನ್ನು ಪೂರ್ತಿ ಬಿಚ್ಚಿ ಎಣ್ಣೆಯ ಅಂಶವೇ ಇಲ್ಲದಂತೆ ತೊಳೆಯಬೇಕು. ಇನ್ನೂರು ಮುನ್ನೂರು ಡಿಗ್ರಿಯವರೆಗೆ ಸಮನಾಗಿ ಕಾಯಿಸಬೇಕು. ಓವನ್ನಿನಲ್ಲಿ ಒಣಗಿಸಿದ ಕಡಿಮೆ ಹೈಡ್ರೋಜನ್ನಿನ ರಾಡನ್ನೇ ಬಳಸಬೇಕು. ಬೆಸೆದ ಮೇಲೆ ಒಣ ಮರಳಿನಲ್ಲೋ ಸುಣ್ಣದ ಪುಡಿಯಲ್ಲೋ ಹುಗಿದು ಗಂಟೆಗಟ್ಟಲೆ ನಿಧಾನವಾಗಿ ಆರಲು ಬಿಡಬೇಕು. ಹಲವು ಗಾಡಿಗಳಲ್ಲಿ ಕೇಜ್ ಎರಕದ ಕಬ್ಬಿಣದ್ದಾಗಿದ್ದು, ಅದಕ್ಕೆ ನಿಕ್ಕಲ್ ರಾಡೇ ಬೇಕಾಗುತ್ತದೆ. ಭಾನುವಾರದ ಶೆಡ್ಡಿನಲ್ಲಿ ಇಷ್ಟೆಲ್ಲ ನಡೆಯುವುದಿಲ್ಲ. ಇಷ್ಟೆಲ್ಲ ಮಾಡಿದರೂ ಒಳಗಿನ ಬಿರುಕು ನೋಡಲು ಅಲ್ಟ್ರಾಸೋನಿಕ್ ಪರೀಕ್ಷೆಯ ಯಂತ್ರ ಮನೆಯಲ್ಲಿರುವುದಿಲ್ಲ. ಹೌಸಿಂಗಿನೊಳಗೇ ಇಟ್ಟು ಬೆಸೆದರಂತೂ ಇನ್ನೂ ಕೇಡು. ಸಿಡಿದ ಲೋಹದ ಕಣಗಳು ಬೇರಿಂಗುಗಳಿಗೆ ಇಳಿಯುತ್ತವೆ. ಅರ್ತ್ ಕ್ಲ್ಯಾಂಪನ್ನು ಹೌಸಿಂಗಿಗೆ ಕಚ್ಚಿಸಿದ್ದರೆ ಕರೆಂಟು ಬೇರಿಂಗಿನ ರೋಲರುಗಳ ಮೂಲಕವೇ ಹಾದು ಅವುಗಳ ನುಣುಪು ಮೈಯಲ್ಲಿ ಸಣ್ಣ ಸಣ್ಣ ಗುಳಿ ಸುಡುತ್ತದೆ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ಬಿಡುವ ಸಡಿಲ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟೇ. ಶಾಖಕ್ಕೆ ಕೇಜ್ ಒಂದಿಷ್ಟು ಸೊಟ್ಟಗಾದರೂ ಆ ಅಳತೆ ಕೈತಪ್ಪುತ್ತದೆ.

ಹೀಗೆ ಬೆಸೆದದ್ದು ಮುರಿದರೆ ಏನಾಗುತ್ತದೆ? ಅದೃಷ್ಟವಿದ್ದರೆ ಡಿಫರೆನ್ಶಿಯಲ್ ಮತ್ತೆ ಮೊದಲಿನಂತೆ ಬಿಡುಗಡೆಯಾಗುತ್ತದೆ. ಓಡುತ್ತಿರುವ ಗಾಡಿಯ ನಡವಳಿಕೆ ಅದರೊಡನೆ ತಟ್ಟನೆ ಬದಲಾಗುತ್ತದೆ. ಅದೃಷ್ಟ ಕೈಕೊಟ್ಟರೆ ಬೆಸುಗೆಯ ತುಂಡು ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹೌಸಿಂಗ್ ಒಡೆಯಬಹುದು; ಅದಕ್ಕಿಂತ ಭೀಕರವಾಗಿ, ಎರಡೂ ಹಿಂಚಕ್ರ ಒಂದೇ ಸಲ ಬಿಗಿದು ನಿಲ್ಲಬಹುದು. ಹೆದ್ದಾರಿಯ ವೇಗದಲ್ಲಿ ಹಿಂಚಕ್ರಗಳು ಬಿಗಿದರೆ ಕಾರು ಗಿರಕಿ ಹೊಡೆಯುತ್ತದೆ. ಕ್ಲಚ್ ಒತ್ತಿದರೂ ಪ್ರಯೋಜನವಿಲ್ಲ, ಯಾಕೆಂದರೆ ಬಿಗಿದಿರುವುದು ಕ್ಲಚ್ಚಿನಿಂದ ಆಚೆ.

ಬೆಸುಗೆ ಗಟ್ಟಿಯಾಗಿ ನಿಂತರೂ ಅಪಾಯ ತೀರುವುದಿಲ್ಲ. ನಿಧಾನವಾದ ತಿರುವಿನಲ್ಲಿ ಎರಡು ಹಿಂಚಕ್ರಗಳೂ ಗಾಡಿಯನ್ನು ನೇರಕ್ಕೇ ತಳ್ಳುತ್ತವೆ. ಮುಂಚಕ್ರ ತಿರುಗಿದ್ದರೂ ಮೂತಿ ಹೊರಕ್ಕೆ ಸರಿಯುತ್ತದೆ. ಇಕ್ಕಟ್ಟಾದ ಘಾಟಿ ತಿರುವಿನಲ್ಲಿ ಹೊರಕ್ಕೆ ಎಂದರೆ ಎದುರು ಬರುವ ಬಸ್ಸಿನ ಕಡೆಗೆ ಅಥವಾ ಕಣಿವೆಯ ಕಡೆಗೆ. ಚಾಲಕ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಿ ಆಕ್ಸಲರೇಟರ್ ಒತ್ತುತ್ತಾನೆ. ರಸ್ತೆ ಒದ್ದೆಯಿದ್ದರೆ ಆಗ ಎರಡೂ ಹಿಂಚಕ್ರಗಳು ಏಕಕಾಲಕ್ಕೆ ಹಿಡಿತ ಬಿಡುತ್ತವೆ, ಹಿಂಭಾಗ ಥಟ್ಟನೆ ಬೀಸಿಕೊಂಡು ಬರುತ್ತದೆ. ತಿರುವಿಗೆ ಒಗ್ಗದ ಗಾಡಿ ಒಂದೇ ಕ್ಷಣದಲ್ಲಿ ಅತಿಯಾಗಿ ತಿರುಗುವ ಗಾಡಿಯಾಗುತ್ತದೆ. ಡ್ರಿಫ್ಟರಿಗೆ ಬೇಕಾದದ್ದು ಇದೇ. ಅವರ ಮುಂದೆ ಖಾಲಿ ಟ್ರ್ಯಾಕು, ಕೈಯಲ್ಲಿ ವರ್ಷಗಳ ಅಭ್ಯಾಸ, ತಲೆಯ ಮೇಲೆ ರೋಲ್ ಕೇಜ್ ಇರುತ್ತದೆ.

ಮಾಮೂಲಿ ಡಿಫರೆನ್ಶಿಯಲ್ ಇಲ್ಲಿ ನಮ್ಮನ್ನು ಹೇಗೆ ಕಾಯುತ್ತದೆ ನೋಡಿ. ತಿರುವಿನಲ್ಲಿ ಆಕ್ಸಲರೇಟರ್ ಹೆಚ್ಚಾಯಿತೆಂದರೆ ಭಾರ ಕಡಿಮೆಯಿರುವ ಒಳಚಕ್ರ ಮೊದಲು ಜಾರುತ್ತದೆ. ಅದು ಜಾರಿದ ಕೂಡಲೇ ಹೊರಚಕ್ರಕ್ಕೆ ಹೋಗುವ ಬಲವೂ ಇಳಿಯುತ್ತದೆ. ಹೊರಚಕ್ರದ ಹಿಡಿತವೆಲ್ಲ ಗಾಡಿ ಪಕ್ಕಕ್ಕೆ ಜಾರದಂತೆ ತಡೆಯಲು ಮೀಸಲಾಗಿ ಉಳಿಯುತ್ತದೆ. ಕೆಸರಿನಲ್ಲಿ ನಾವು ಶಪಿಸುವ ಗುಣ ಮಳೆಯ ರಸ್ತೆಯಲ್ಲಿ ನಮ್ಮ ಪ್ರಾಣ ಉಳಿಸುವ ಗುಣವೂ ಹೌದು. ವೆಲ್ಡ್ ಮಾಡುವವರು ಮೊದಲನೆಯದನ್ನು ಕಳೆದುಕೊಳ್ಳುತ್ತೇವೆಂದು ಸಂತೋಷಪಡುತ್ತಾರೆ, ಎರಡನೆಯದೂ ಅದರೊಡನೆ ಹೋಯಿತೆಂಬುದು ಅವರ ಗಮನಕ್ಕೆ ಬರುವುದಿಲ್ಲ.

ಇಂದಿನ ಕಾರುಗಳಲ್ಲಿ ಇನ್ನೂ ಒಂದು ತೊಡಕಿದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಪ್ರತಿ ಚಕ್ರದ ವೇಗವನ್ನು ಬೇರೆಬೇರೆಯಾಗಿ ಅಳೆದು, ಬಿಗಿಯುತ್ತಿರುವ ಚಕ್ರದ ಬ್ರೇಕನ್ನು ಸಡಿಲಿಸುವುದು ಅದರ ಕೆಲಸ. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇನ್ನೂ ಮುಂದೆ ಹೋಗಿ, ಕಾರು ಹಾದಿ ತಪ್ಪುತ್ತಿದ್ದರೆ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕಿ ಮೂತಿಯನ್ನು ಸರಿದಾರಿಗೆ ತರುತ್ತದೆ. ಹಿಂಚಕ್ರಗಳೆರಡನ್ನೂ ಒಂದಕ್ಕೊಂದು ಬೆಸೆದುಬಿಟ್ಟರೆ ಒಂದಕ್ಕೆ ಹಾಕಿದ ಬ್ರೇಕು ಎರಡಕ್ಕೂ ಬೀಳುತ್ತದೆ. ಎರಡೂ ಸೆನ್ಸರುಗಳು ಸದಾ ಒಂದೇ ವೇಗ ಹೇಳುತ್ತವೆ. ಅಸ್ತಿತ್ವದಲ್ಲೇ ಇಲ್ಲದ ಕಾರೊಂದನ್ನು ಕಲ್ಪಿಸಿಕೊಂಡು ಕಂಪ್ಯೂಟರು ಆಜ್ಞೆ ಕೊಡುತ್ತಿರುತ್ತದೆ. ಮುಂಚಕ್ರ ಚಾಲನೆಯ ಸಣ್ಣ ಕಾರುಗಳಲ್ಲಂತೂ ಈ ಯೋಚನೆಯೇ ಬೇಡ. ಅಲ್ಲಿ ಡಿಫರೆನ್ಶಿಯಲ್ ಗೇರ್‌ಬಾಕ್ಸಿನೊಳಗೇ ಇರುತ್ತದೆ. ಬೆಸೆದರೆ ತಿರುಗಬೇಕಾದ ಚಕ್ರಗಳೇ ತಿರುಗಲು ಒಲ್ಲೆ ಎನ್ನುತ್ತವೆ, ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ.

ಶಾಫ್ಟುಗಳ ಪಾಡು ಬೇರೆ. ಮಾಮೂಲಿ ವ್ಯವಸ್ಥೆಯಲ್ಲಿ ಒಂದು ಆಕ್ಸಲ್ ಶಾಫ್ಟಿಗೆ ಅರ್ಧ ಟಾರ್ಕ್ ಮಾತ್ರ ಬರುತ್ತದೆ, ಅದನ್ನು ಲೆಕ್ಕ ಹಿಡಿದೇ ಶಾಫ್ಟ್ ಮಾಡಿರುತ್ತಾರೆ. ಬೆಸೆದ ಮೇಲೆ ಒಂದು ಚಕ್ರ ಗಾಳಿಯಲ್ಲಿದ್ದರೆ ಪೂರ್ತಿ ಟಾರ್ಕ್ ಇನ್ನೊಂದರ ಮೇಲೆ ಬೀಳುತ್ತದೆ. ಜೊತೆಗೆ ಪ್ರತಿ ತಿರುವಿನಲ್ಲೂ ಎರಡು ಶಾಫ್ಟುಗಳು ಒಂದಕ್ಕೊಂದು ವಿರುದ್ಧವಾಗಿ ತಿರುಚಿಕೊಳ್ಳುತ್ತವೆ. ಚಕ್ರವನ್ನು ಶಾಫ್ಟೇ ಹಿಡಿದಿಡುವ ಕೆಲವು ಬಗೆಯ ಆಕ್ಸಲ್ಲುಗಳಲ್ಲಿ ಶಾಫ್ಟ್ ತುಂಡಾದರೆ ಚಕ್ರವೇ ಕಳಚಿ ಹೊರಗೆ ಬರುತ್ತದೆ. ಪಂಕ್ಚರ್ ಹಾಕುವಾಗಲೂ ಎಚ್ಚರ ಬೇಕು. ಒಂದು ಹಿಂಚಕ್ರವನ್ನು ಜಾಕ್ ಮೇಲೆ ಎತ್ತಿ ಇಂಜಿನ್ ಚಾಲೂ ಇರುವಾಗ ಗೇರಿಗೆ ಬಿದ್ದರೆ, ನೆಲದ ಮೇಲಿರುವ ಇನ್ನೊಂದು ಚಕ್ರ ಕಾರನ್ನು ಜಾಕಿನಿಂದ ಎಳೆದು ಬೀಳಿಸುತ್ತದೆ.

ಬೆಸೆಯುವವರ ಮೈಗೆ ಆಗುವ ಹಾನಿಯನ್ನೂ ಹೇಳಲೇಬೇಕು, ಯಾಕೆಂದರೆ ಅದರಲ್ಲೊಂದು ಬಹಳ ಮಂದಿಗೆ ತಿಳಿಯದ್ದು. ಗೇರಿಗೆ ಹಿಡಿದ ಎಣ್ಣೆ ತೆಗೆಯಲು ಬ್ರೇಕ್ ಕ್ಲೀನರ್ ಸಿಂಪಡಿಸುವುದು ರೂಢಿ. ಕೆಲವು ಕ್ಲೀನರುಗಳಲ್ಲಿ, ಕಾರ್ಖಾನೆಗಳಲ್ಲಿ ಗ್ರೀಸ್ ತೊಳೆಯಲು ಬಳಸುವ ಕೆಲವು ದ್ರಾವಣಗಳಲ್ಲಿ ಕ್ಲೋರಿನ್ ಇರುವ ಸಂಯುಕ್ತಗಳಿರುತ್ತವೆ. ಅವುಗಳ ಆವಿ ವೆಲ್ಡಿಂಗಿನ ಶಾಖಕ್ಕೂ ನೇರಳಾತೀತ ಕಿರಣಕ್ಕೂ ಒಡ್ಡಿಕೊಂಡರೆ ಫಾಸ್ಜೀನ್ ಎಂಬ ಅನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ್ದು ಇದೇ ಅನಿಲ. ಉಸಿರಾಡಿದ ಕೂಡಲೇ ದೊಡ್ಡ ತೊಂದರೆ ಕಾಣಿಸದೆ, ಎಷ್ಟೋ ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಮುಚ್ಚಿದ ಶೆಡ್ಡಿನಲ್ಲಿ ಒಂಟಿಯಾಗಿ ಕೆಲಸ ಮಾಡಿ ಮಲಗಿದವರಿಗೆ ಬೆಳಗಿನವರೆಗೆ ಸಹಾಯ ಸಿಗದು. ಉಳಿದವು ಗೊತ್ತಿರುವವೇ: ಗಾಗಲ್ಸ್ ಮಾತ್ರ ಹಾಕಿ ಬೆಸೆದವರಿಗೆ ರಾತ್ರಿ ಕಣ್ಣಿಗೆ ಮರಳು ಹೊಕ್ಕಂಥ ಉರಿ, ಎಣ್ಣೆ ಪೂರ್ತಿ ಬಸಿಯದ ಹೌಸಿಂಗಿನೊಳಗೆ ಆವಿ ಹೊತ್ತಿಕೊಂಡು ಸಿಡಿಯುವ ಭಯ, ಕಾರಿನ ಕೆಳಗೆ ಮಲಗಿ ಬೆಸೆಯುವಾಗ ಪೆಟ್ರೋಲ್ ಪೈಪು, ಬ್ರೇಕ್ ಪೈಪುಗಳ ಸಮೀಪ ಹಾರುವ ಕಿಡಿ.

ಹಾಗಾದರೆ ಕೆಸರಲ್ಲಿ ಸಿಕ್ಕವರಿಗೆ ದಾರಿ ಏನು? ಉತ್ತರ ನಮ್ಮ ಹೊಲಗದ್ದೆಗಳಲ್ಲೇ ಇದೆ. ಮಂಡ್ಯದಲ್ಲೋ ಗಂಗಾವತಿಯಲ್ಲೋ ಕೆಸರು ಗದ್ದೆ ಉಳುವ ಟ್ರ್ಯಾಕ್ಟರ್ ಚಾಲಕರ ಕಾಲ ಬಳಿ ಡಿಫರೆನ್ಶಿಯಲ್ ಲಾಕಿನ ಪೆಡಲ್ ಇರುತ್ತದೆ. ಒಂದು ಚಕ್ರ ಹೂತಾಗ ಅದನ್ನು ತುಳಿದರೆ ಎರಡೂ ಚಕ್ರ ಒಂದಾಗುತ್ತವೆ. ಕಾಲು ತೆಗೆದು ಒತ್ತಡ ಇಳಿದರೆ ಸ್ಪ್ರಿಂಗ್ ಅದನ್ನು ಬಿಡಿಸುತ್ತದೆ. ಗದ್ದೆಯ ಕೊನೆಯಲ್ಲಿ ತಿರುಗಿಸುವ ಮುನ್ನ ಲಾಕ್ ಬಿಡಬೇಕೆಂಬುದು ಅನುಭವಿ ಚಾಲಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಕಾದಾಗ ಕಟ್ಟು, ಬೇಡವಾದಾಗ ಬಿಚ್ಚು. ಬೆಸುಗೆಗೆ ಇಲ್ಲದಿರುವುದು ಈ ಎರಡನೆಯ ಅರ್ಧ. ಆಫ್‌ರೋಡಿಗಾಗಿ ಸಿಗುವ ಏರ್ ಲಾಕರುಗಳೂ ಟಿಪ್ಪರುಗಳ ಲಾಕುಗಳೂ ಇದೇ ತತ್ವದವು. 2020ರ ಮಹೀಂದ್ರ ಥಾರ್‌ನ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಶಿಯಲ್ ಎರಡು ಹಿಂಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ಅಂತರ ಕಂಡರೆ ತಾನಾಗಿ ಬಿಗಿಯುತ್ತದೆ, ವೇಗ ಗಂಟೆಗೆ 30 ಕಿಲೋಮೀಟರಿನ ಆಸುಪಾಸು ದಾಟಿದರೆ ಬಿಗಿಯುವುದಿಲ್ಲ. ಮಾರುತಿ ಜಿಮ್ನಿಯಂಥ ಗಾಡಿಗಳಲ್ಲಿ ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ದಾಟಿಸುವ ವ್ಯವಸ್ಥೆಯಿದೆ. ಹಳೆಯ ಗಾಡಿಯಲ್ಲೂ ಹ್ಯಾಂಡ್‌ಬ್ರೇಕ್ ಹಿಂಚಕ್ರಗಳ ಮೇಲೆ ಕೆಲಸ ಮಾಡುವುದಾದರೆ, ಅದನ್ನು ಒಂದೆರಡು ಹಲ್ಲು ಎಳೆದು ಮೆಲ್ಲನೆ ಆಕ್ಸಲರೇಟರ್ ಕೊಟ್ಟರೆ ಸುಮ್ಮನಿದ್ದ ಚಕ್ರಕ್ಕೆ ಒಂದಿಷ್ಟು ಬಲ ಸಿಕ್ಕೀತು. ಪ್ರೊಪೆಲ್ಲರ್ ಶಾಫ್ಟಿಗೆ ಹ್ಯಾಂಡ್‌ಬ್ರೇಕ್ ಇರುವ ಹಳೆಯ ಜೀಪುಗಳಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಟೈರಿನ ಗಾಳಿ ಇಳಿಸುವುದು, ಚಕ್ರದಡಿ ಕಲ್ಲು ಸೊಪ್ಪು ತುಂಬುವುದು, ಒಂದು ಒಳ್ಳೆಯ ವಿಂಚ್: ಇವೂ ಬೆಸುಗೆಗಿಂತ ಎಷ್ಟೋ ಮೇಲು.

ಕಾನೂನಿನ ಮಾತು ಚಿಕ್ಕದು. ಅಪಾಯ ತರಬಲ್ಲ ದೋಷ ಇದೆಯೆಂದು ಗೊತ್ತಿದ್ದೂ ವಾಹನವನ್ನು ಸಾರ್ವಜನಿಕ ರಸ್ತೆಗಿಳಿಸುವುದು ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ ಅಪರಾಧ. ಅನುಮತಿಯಿಲ್ಲದ ಮಾರ್ಪಾಡುಗಳಿಗೆ 2019ರ ತಿದ್ದುಪಡಿ ದಂಡ, ಜೈಲು ಎರಡನ್ನೂ ಹೇಳುತ್ತದೆ. ಆದರೆ ಫಿಟ್‌ನೆಸ್ ಪರೀಕ್ಷೆಯಲ್ಲಿ ಯಾರೂ ಹೌಸಿಂಗ್ ಬಿಚ್ಚಿ ನೋಡುವುದಿಲ್ಲ. ಒಳಗಿನ ಬೆಸುಗೆ ಗಾಡಿ ಮಾರಿದವರಿಗೆ ಮಾತ್ರ ಗೊತ್ತಿರುತ್ತದೆ, ಕೊಂಡವರಿಗೆ ಗೊತ್ತಿರುವುದಿಲ್ಲ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದು.

ಆದ್ದರಿಂದ ಸೆಕೆಂಡ್ ಹ್ಯಾಂಡ್ ಜೀಪು, ಜಿಪ್ಸಿ ಅಥವಾ ಯಾವುದೇ ಹಿಂಚಕ್ರ ಚಾಲನೆಯ ಗಾಡಿ ಕೊಳ್ಳುವವರು ಎರಡು ಪರೀಕ್ಷೆ ಮಾಡಲಿ. ಖಾಲಿ ಜಾಗದಲ್ಲಿ, ಫೋರ್ ವೀಲ್ ಹಾಕದೆ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಡಿಗೆಯ ವೇಗದಲ್ಲಿ ಸುತ್ತು ಹಾಕಿ. ಹಿಂದಿನಿಂದ ಟೈರು ಕಿರುಚಿದರೆ, ಗಾಡಿ ಕುಪ್ಪಳಿಸುತ್ತ ಸಾಗಿದರೆ, ಆಕ್ಸಲರೇಟರ್ ಬಿಟ್ಟಾಗ ಯಾರೋ ಹಿಡಿದೆಳೆದಂತೆ ನಿಂತರೆ ಅನುಮಾನ ಪಡಿ. ಆಮೇಲೆ ಮುಂಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹಿಂಭಾಗವನ್ನು ಗಟ್ಟಿಮುಟ್ಟಾದ ಸ್ಟ್ಯಾಂಡುಗಳ ಮೇಲೆ ಎತ್ತಿ, ಇಂಜಿನ್ ಆರಿಸಿ, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಒಂದು ಹಿಂಚಕ್ರವನ್ನು ಕೈಯಿಂದ ತಿರುಗಿಸಿ. ಡಿಫರೆನ್ಶಿಯಲ್ ಸರಿಯಿದ್ದರೆ ಇನ್ನೊಂದು ಚಕ್ರ ಎದುರು ದಿಕ್ಕಿಗೆ ತಿರುಗುತ್ತದೆ. ಲಿಮಿಟೆಡ್ ಸ್ಲಿಪ್ ಇದ್ದರೆ ಬಿಗಿಯಾಗಿ, ಬಲ ಹಾಕಿದಾಗ ತಿರುಗೀತು. ಗೇರುಗಳ ಸಡಿಲದಷ್ಟು ಮಾತ್ರ ಅಲುಗಾಡಿ ಎರಡೂ ಚಕ್ರ ಕಂಬದಂತೆ ನಿಂತರೆ ಹೌಸಿಂಗ್ ಬಿಚ್ಚಿಸದೆ ಮುಂಗಡ ಕೊಡಬೇಡಿ. ಬೆಸೆದ ಗೇರುಗಳನ್ನು ಗ್ರೈಂಡ್ ಮಾಡಿ ಮತ್ತೆ ಮೊದಲಿನಂತಾಗಿಸಲು ಬರುವುದಿಲ್ಲ. ಒಳಗಿನ ಸೆಟ್ ಪೂರ್ತಿ ಬದಲಿಸಬೇಕು, ಬೇರಿಂಗುಗಳನ್ನು ಹೊಸದಾಗಿ ಹಾಕಬೇಕು, ಕ್ರೌನ್ ಮತ್ತು ಪಿನಿಯನ್ ಸಡಿಲವನ್ನು ಡಯಲ್ ಗೇಜ್ ಇಟ್ಟು ಹೊಂದಿಸಬಲ್ಲ ಮೆಕ್ಯಾನಿಕ್ಕನ್ನು ಹುಡುಕಬೇಕು. ಆ ಖರ್ಚನ್ನು ಗಾಡಿಯ ಬೆಲೆಯಲ್ಲಿ ಕಳೆದೇ ಮಾತಾಡಿ.